ತಪ್ಪಿದ ದಿನದ ಮರುದಿನ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬರೆದವರು ಕಾಸರಗೋಡು, ಹೊಸೂರು, ಅಕ್ಕಲಕೋಟೆ, ಮಡಕಶಿರಾ ಕಡೆಯ ಕನ್ನಡಿಗರು. ಅವರ ವಯಸ್ಸು, ಕೆಲಸ, ಆರೋಗ್ಯದ ಸ್ಥಿತಿ ಬೇರೆ ಬೇರೆಯಾದರೂ ಎಲ್ಲರೂ ಕೇಳಿರುವುದು ಹೆಚ್ಚುಕಡಿಮೆ ಒಂದೇ ಮಾತು: ಒಳ್ಳೆಯದೆಂದು ಆರಂಭಿಸಿದ ಅಭ್ಯಾಸ ನಡುವೆ ಮುರಿದುಹೋದಾಗ ಏನು ಮಾಡಬೇಕು, ಅದನ್ನು ತಪ್ಪಿಲ್ಲದೆ ಪಾಲಿಸಬಹುದಾದ ಅನುಕೂಲದ ಕಾಲ ಬರುವವರೆಗೆ ಕಾಯಬೇಕೇ ಎಂದು. ಹೆಸರು ಬೇಡವೆಂದು ಕೋರಿದ್ದರಿಂದ ಊರನ್ನಷ್ಟೇ ಕೊಟ್ಟು, ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನನಗೆ 46 ವರ್ಷ. ಬದಿಯಡ್ಕದ ಸಮೀಪ ನಮ್ಮ ಮನೆ, ಅಡಿಕೆ ತೋಟವಿದೆ. ಎರಡು ವರ್ಷದ ಹಿಂದೆ ರಕ್ತಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 6.1 ಎಂದು ಬಂತು. ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಅದರ ಹೊಸ್ತಿಲಿನಲ್ಲಿದ್ದೀರಿ, ದಿನಾ ನಡೆಯಿರಿ, ಅನ್ನ ಕಡಿಮೆ ಮಾಡಿ ಎಂದು ಡಾಕ್ಟರರು ಹೇಳಿದರು. ಪ್ರತಿ ವರ್ಷ ಏಪ್ರಿಲ್ ನಡುವೆ ಬರುವ ಬಿಸು ಹಬ್ಬದ ದಿನದಿಂದ ಬೆಳಗ್ಗೆ ಮುಕ್ಕಾಲು ಗಂಟೆ ನಡೆಯಲು ತೊಡಗುತ್ತೇನೆ. ಜೂನಿನಲ್ಲಿ ಮಳೆ ಹಿಡಿದುಕೊಂಡಿತೆಂದರೆ ಅದು ನಿಂತುಹೋಗುತ್ತದೆ. ಊಟದ ಪಥ್ಯವೂ ಹಾಗೆಯೇ. ನೆಂಟರ ಮನೆಯ ಮದುವೆಯಲ್ಲೋ ಪೂಜೆಯಲ್ಲೋ ಹೋಳಿಗೆ, ಪಾಯಸ ಉಂಡ ಮೇಲೆ, ಹೇಗೂ ಮುರಿಯಿತಲ್ಲ ಎಂದು ಆ ವಾರವಿಡೀ ಮೊದಲಿನಂತೆಯೇ ಉಣ್ಣುತ್ತೇನೆ. ಮಗಳ ಮದುವೆ ಮುಗಿಸಿ, ಬರುವ ಬಿಸುವಿನಿಂದ ಎಲ್ಲವನ್ನೂ ಸರಿಯಾಗಿ ಮಾಡೋಣ ಎಂದುಕೊಂಡಿದ್ದೇನೆ. ಅರ್ಧಂಬರ್ಧ ಮಾಡುವುದರಿಂದ ಏನಾದರೂ ಪ್ರಯೋಜನವಿದೆಯೇ?

ಉತ್ತರ: ಪ್ರಯೋಜನವಿದೆ, ಮತ್ತು ಅದು ನೀವು ಭಾವಿಸಿರುವುದಕ್ಕಿಂತ ಬಹಳ ಹೆಚ್ಚು. ದಯವಿಟ್ಟು ಬಿಸುವಿನವರೆಗೆ ಕಾಯಬೇಡಿ.

ಮೊದಲು ನಿಮ್ಮ ಪರೀಕ್ಷೆಯ ಅಂಕಿಯನ್ನೇ ನೋಡೋಣ. ರಕ್ತದಲ್ಲಿರುವ ಸಕ್ಕರೆಯು ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್ನಿಗೆ ಸ್ವಲ್ಪ ಸ್ವಲ್ಪವಾಗಿ ಅಂಟಿಕೊಳ್ಳುತ್ತಾ ಹೋಗುತ್ತದೆ. ಆ ಕಣಗಳ ಆಯುಸ್ಸು ಸುಮಾರು 120 ದಿನಗಳಾದ್ದರಿಂದ, ಎಷ್ಟು ಪಾಲು ಹಿಮೋಗ್ಲೋಬಿನ್ನಿಗೆ ಸಕ್ಕರೆ ಅಂಟಿದೆಯೆಂದು ಅಳೆದಾಗ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಈ ಅಂಕಿ 5.7ರಿಂದ 6.4ರ ನಡುವೆ ಇದ್ದರೆ ಅದು ಮಧುಮೇಹದ ಪೂರ್ವಸ್ಥಿತಿ, 6.5 ಮತ್ತು ಅದಕ್ಕಿಂತ ಮೇಲಿದ್ದರೆ ಮಧುಮೇಹ. ಪರೀಕ್ಷೆಯ ಹಿಂದಿನ ದಿನ ಉಪವಾಸವಿದ್ದು ಇದನ್ನು ಇಳಿಸಲು ಬರುವುದಿಲ್ಲ. ಅದೇ ಕಾರಣಕ್ಕೆ ಒಂದು ಮದುವೆಯೂಟ ಇದನ್ನು ಏರಿಸಲಾರದು. ಏರಿಸುವುದು ಮದುವೆಯೂಟದ ನಂತರದ ಆ ವಾರ, ಮತ್ತು ಜೂನಿನಿಂದ ಮುಂದಿನ ಬಿಸುವಿನವರೆಗೆ ನೀವು ನಡೆಯದೆ ಕಳೆಯುವ ಹತ್ತು ತಿಂಗಳು. ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು ಹೋಳಿಗೆಯಲ್ಲ, ಈ ಹತ್ತು ತಿಂಗಳು.

ನಿಮ್ಮಂತೆಯೇ ಹೊಸ್ತಿಲಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. 3,234 ಜನ ಅದರಲ್ಲಿ ಪಾಲ್ಗೊಂಡಿದ್ದರು. ಅವರಲ್ಲಿ ಒಂದು ಗುಂಪಿಗೆ ದೇಹದ ತೂಕವನ್ನು ಶೇಕಡಾ 7ರಷ್ಟು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ ಮಾಡುವ ಗುರಿ ಕೊಡಲಾಗಿತ್ತು. ಸುಮಾರು ಮೂರು ವರ್ಷಗಳ ಬಳಿಕ ನೋಡಿದಾಗ, ಔಷಧಿಯ ಅಂಶವೇ ಇಲ್ಲದ ಹುಸಿಮಾತ್ರೆ ಪಡೆದವರಿಗೆ ಹೋಲಿಸಿದರೆ ಈ ಗುಂಪಿನಲ್ಲಿ ಮಧುಮೇಹ ಬರುವುದು ಶೇಕಡಾ 58ರಷ್ಟು ಕಡಿಮೆಯಾಗಿತ್ತು. ಈ ಸಂಖ್ಯೆಯನ್ನು ಬಹಳ ಕಡೆ ಹೇಳುತ್ತಾರೆ. ಇದರ ಜೊತೆಗೆ ಹೇಳಬೇಕಾದ ಇನ್ನೊಂದನ್ನು ಬಿಟ್ಟುಬಿಡುತ್ತಾರೆ. ತೂಕದ ಗುರಿಯನ್ನು ಮೊದಲ ಆರು ತಿಂಗಳಲ್ಲಿ ಮುಟ್ಟಿದವರು ಆ ಗುಂಪಿನ ಅರ್ಧದಷ್ಟು ಜನ ಮಾತ್ರ, ಮತ್ತು ಕೊನೆಯ ತಪಾಸಣೆಯವರೆಗೂ ಅದನ್ನು ಉಳಿಸಿಕೊಂಡವರು ಶೇಕಡಾ 38 ಜನ. ಅಂದರೆ ಹೆಚ್ಚಿನವರು ಗುರಿ ತಪ್ಪಿದ್ದರು, ಆದರೂ ಗುಂಪಿಗೆ ಅಷ್ಟು ದೊಡ್ಡ ರಕ್ಷಣೆ ದೊರೆಯಿತು. ನಮ್ಮ ದೇಶದಲ್ಲಿಯೇ, ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಹಾರ ಮತ್ತು ನಡಿಗೆಯ ಬದಲಾವಣೆಯಿಂದ ಅಪಾಯವು ಶೇಕಡಾ 28.5ರಷ್ಟು ತಗ್ಗಿತು. ಅವರೂ ಹಬ್ಬ, ಮದುವೆ, ಕೆಲಸದ ಒತ್ತಡ ಎಲ್ಲ ಇದ್ದ ಸಾಮಾನ್ಯ ಸಂಸಾರಸ್ಥರೇ.

ಇನ್ನು ನಡಿಗೆಯ ವಿಚಾರ. ಮುಕ್ಕಾಲು ಗಂಟೆ ಒಂದೇ ಬೀಸಿಗೆ ನಡೆದರೆ ಮಾತ್ರ ಲೆಕ್ಕಕ್ಕೆ ಬರುತ್ತದೆಂಬ ನಿಯಮ ಎಲ್ಲಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2010ರ ಮಾರ್ಗಸೂಚಿಯಲ್ಲಿ ಕನಿಷ್ಠ 10 ನಿಮಿಷವಾದರೂ ಎಡೆಬಿಡದೆ ಮಾಡಬೇಕೆಂದು ಹೇಳಿತ್ತು. 2020ರ ಮಾರ್ಗಸೂಚಿಯಲ್ಲಿ ಆ ಷರತ್ತನ್ನೂ ತೆಗೆದುಹಾಕಿತು. ವಾರಕ್ಕೆ 150ರಿಂದ 300 ನಿಮಿಷ ಒಳ್ಳೆಯದು, ಅಷ್ಟು ಆಗದವರಿಗೆ ಏನೂ ಮಾಡದಿರುವುದಕ್ಕಿಂತ ಸ್ವಲ್ಪವಾದರೂ ಮಾಡುವುದು ಒಳ್ಳೆಯದು ಎಂಬುದು ಈಗಿನ ನಿಲುವು. ಹಾಗಾಗಿ ನಿಮ್ಮ ನಡಿಗೆಯನ್ನು ಒಡೆಯಿರಿ. ಬೆಳಗ್ಗೆ ತಿಂಡಿ, ಮಧ್ಯಾಹ್ನ ಮತ್ತು ರಾತ್ರಿಯ ಊಟ, ಈ ಮೂರು ಹೊತ್ತಿನ ಬಳಿಕ ಹತ್ತು ಹತ್ತು ನಿಮಿಷ ನಡೆಯಿರಿ. ಊಟದ ಬಳಿಕ ನಡೆಯುವಾಗ ಕಾಲಿನ ಸ್ನಾಯುಗಳು ರಕ್ತಕ್ಕೆ ಆಗಷ್ಟೇ ಬರುತ್ತಿರುವ ಸಕ್ಕರೆಯನ್ನು ಎಳೆದುಕೊಂಡು ಬಳಸುವುದರಿಂದ, ನಿಮ್ಮಂಥವರಿಗೆ ಈ ಹೊತ್ತು ವಿಶೇಷವಾಗಿ ಉಪಯುಕ್ತ. ಮೂರೂ ಹೊತ್ತು ಆದರೆ ವಾರಕ್ಕೆ 210 ನಿಮಿಷ. ದಿನಕ್ಕೆ ಒಂದು ಹೊತ್ತು ತಪ್ಪಿದರೂ 140. ವೇಗ ಎಷ್ಟಿರಬೇಕೆಂದರೆ, ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು.

ಮಳೆಯ ಕುರಿತು ಒಂದು ಮಾತು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ವ್ಯಾಯಾಮದ ಯೋಜನೆ ಬದಿಯಡ್ಕದವರ ಯೋಜನೆ ಆಗಲಾರದು. ಪೀಟರ್ ಗೋಲ್‌ವಿಟ್ಸರ್ ಎಂಬ ಮನಃಶಾಸ್ತ್ರಜ್ಞರು 1990ರ ದಶಕದಿಂದ ನಡೆಸಿದ ಸಂಶೋಧನೆಗಳಲ್ಲಿ ಕಂಡುಬಂದಂತೆ, ‘ದಿನಾ ನಡೆಯುತ್ತೇನೆ’ ಎಂದು ಸಂಕಲ್ಪ ಮಾಡುವವರಿಗಿಂತ ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂದು ಮುಂಚೆಯೇ ನಿಶ್ಚಯಿಸಿಕೊಂಡವರು ಅದನ್ನು ಹೆಚ್ಚಾಗಿ ನಡೆಸಿಕೊಂಡು ಹೋಗುತ್ತಾರೆ. ನೀವು ಈಗಲೇ ನಿಶ್ಚಯಿಸಿ: ಮಳೆ ಇಲ್ಲದಿದ್ದರೆ ರಸ್ತೆ, ಮಳೆ ಬಂದರೆ ಜಗಲಿ. ಅಂಗಳಕ್ಕೆ ಇಳಿಯಲಾಗದ ದಿನ ಜಗಲಿಯ ಈ ತುದಿಯಿಂದ ಆ ತುದಿಗೆ, ಬೇಕಾದರೆ ಚಾವಡಿಯನ್ನೂ ಸೇರಿಸಿಕೊಂಡು, ಹತ್ತು ನಿಮಿಷ ನಡೆದರೆ ಸಾಕು. ತೋಟದಲ್ಲಿ ಅಡಿಕೆ ಹೆಕ್ಕಿ, ಸೋಗೆ ಎಳೆದು, ಹುಲ್ಲು ಹೊತ್ತು ತಂದ ದಿನ ಆ ಶ್ರಮವನ್ನೂ ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಹೆಂಗಸರು ತಾವು ಮಾಡುವ ದುಡಿಮೆಯನ್ನು ವ್ಯಾಯಾಮವೆಂದು ಎಣಿಸುವುದೇ ಇಲ್ಲ, ಮತ್ತು ನಡೆಯಲು ಹೋಗಲಿಲ್ಲವೆಂದು ಸುಮ್ಮನೆ ಮರುಗುತ್ತಾರೆ.

ಊಟದಲ್ಲಿ ಅನ್ನವನ್ನು ಒಮ್ಮೆಲೇ ಬಿಡುವ ಸಾಹಸ ಬೇಡ. ಕುಚ್ಚಲಕ್ಕಿ ಅನ್ನವನ್ನು ಮೂರು ಸೌಟು ಬಡಿಸಿಕೊಳ್ಳುತ್ತಿದ್ದರೆ ಎರಡಕ್ಕೆ ಇಳಿಸಿ, ತೆರವಾದ ಜಾಗವನ್ನು ತೊಂಡೆಕಾಯಿ, ಅಲಸಂಡೆ, ಬಸಳೆ, ಹೆಸರುಕಾಳುಗಳಿಂದ ತುಂಬಿಸಿ. ಪಲ್ಯವನ್ನು ಮೊದಲು ತಿಂದು ಆಮೇಲೆ ಅನ್ನಕ್ಕೆ ಕೈಹಾಕಿ. ಅದೇ ಅನ್ನವಾದರೂ ಹೀಗೆ ಉಂಡಾಗ ರಕ್ತದ ಸಕ್ಕರೆ ಏರುವುದು ತಡವಾಗುತ್ತದೆ ಮತ್ತು ಕಡಿಮೆಯಾಗುತ್ತದೆ. ಮದುವೆಗೆ ಹೋದಾಗ ಒಂದು ಹೋಳಿಗೆ ತಿನ್ನಿ, ಸಂತೋಷದಿಂದಲೇ ತಿನ್ನಿ. ಪಾಯಸ ಬಡಿಸುವವರು ಎರಡನೆಯ ಸಲ ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿಯಿರಿ. ಅದೂ ಆಗಲಿಲ್ಲ, ಎರಡನೆಯ ಸಲವೂ ಹಾಕಿಸಿಕೊಂಡಿರಿ ಎಂದೇ ಇಟ್ಟುಕೊಳ್ಳೋಣ. ಪಥ್ಯ ಮುರಿದದ್ದು ಮಧ್ಯಾಹ್ನ, ರಾತ್ರಿಯ ಊಟ ಇನ್ನೂ ನಿಮ್ಮ ಕೈಯಲ್ಲೇ ಇದೆ. ಆ ರಾತ್ರಿಯೇ ಎರಡು ಸೌಟಿನ ಊಟಕ್ಕೆ ಮರಳಿ, ಮರುದಿನವೂ ಕಾಯಬೇಡಿ, ಸೋಮವಾರವಂತೂ ಬೇಡವೇ ಬೇಡ.

ಪರೀಕ್ಷೆ ಮಾಡಿಸಿ ಎರಡು ವರ್ಷವಾಗಿದೆ. ಈ ಸ್ಥಿತಿಯಲ್ಲಿರುವವರು ವರ್ಷಕ್ಕೊಮ್ಮೆಯಾದರೂ ಮಾಡಿಸಬೇಕು. ಮಗಳ ಮದುವೆಯ ಓಡಾಟದ ನಡುವೆಯೇ ಒಂದು ಬೆಳಗ್ಗೆ ಹೋಗಿ ಮಾಡಿಸಿಬಿಡಿ.

ಪ್ರಶ್ನೆ: ನಾನು ಕುಂಬಳೆಯವನು, ಪದವಿ ವಿದ್ಯಾರ್ಥಿ. ಯಾವುದೇ ಕೆಲಸವನ್ನು 21 ದಿನ ತಪ್ಪದೆ ಮಾಡಿದರೆ ಅದು ಅಭ್ಯಾಸವಾಗುತ್ತದೆ ಎಂದು ಕೇಳಿ, ಮೊಬೈಲಿನ ಆ್ಯಪ್ ಒಂದರಲ್ಲಿ ಗುರುತು ಹಾಕುತ್ತಾ ಬೆಳಗಿನ ವ್ಯಾಯಾಮ ಆರಂಭಿಸಿದೆ. ಜ್ವರ ಬಂದು ಎರಡು ದಿನ ತಪ್ಪಿತು, ಆ್ಯಪ್ ಮತ್ತೆ ಸೊನ್ನೆಯಿಂದ ಎಣಿಸತೊಡಗಿತು. ಮಾಡಿದ್ದೆಲ್ಲ ವ್ಯರ್ಥವಾಯಿತೇ?

ಉತ್ತರ: ವ್ಯರ್ಥವಾಗಲಿಲ್ಲ. ಸೊನ್ನೆಗೆ ಮರಳಿದ್ದು ಆ್ಯಪಿನ ಲೆಕ್ಕ, ನಿಮ್ಮ ಮಿದುಳಿನದಲ್ಲ. 21 ದಿನಗಳ ಮಾತು 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬರೆದದ್ದರಿಂದ ಹರಡಿತು. ಶಸ್ತ್ರಚಿಕಿತ್ಸೆಯ ಬಳಿಕ ಬದಲಾದ ಮುಖಕ್ಕೆ ಹೊಂದಿಕೊಳ್ಳಲು ಜನರಿಗೆ ಕಡಿಮೆಯೆಂದರೆ ಅಷ್ಟು ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಅಭ್ಯಾಸದ ಕುರಿತು ಪ್ರಯೋಗ ಮಾಡಿ ಹೇಳಿದ ಸಂಖ್ಯೆ ಅದಲ್ಲ. ಅಂಥ ಪ್ರಯೋಗವನ್ನು ಮಾಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು; 96 ಜನರನ್ನು 12 ವಾರ ಗಮನಿಸಿದ ಆ ಅಧ್ಯಯನ ಹೊರಬಂದದ್ದು 2009ರಲ್ಲಿ. ಊಟದ ಜೊತೆ ಹಣ್ಣು ತಿನ್ನುವುದು, ನೀರು ಕುಡಿಯುವುದು, ವ್ಯಾಯಾಮ ಮಾಡುವುದು ಮುಂತಾದವುಗಳಲ್ಲಿ ಒಂದನ್ನು ಆರಿಸಿಕೊಂಡವರಿಗೆ ಅದು ಯೋಚಿಸದೆ ನಡೆಯುವ ಮಟ್ಟಕ್ಕೆ ಬರಲು ಬೇಕಾದ ಕಾಲದ ಮಧ್ಯಾಂಕ 66 ದಿನ, ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತ ಕಡಿಮೆ, ಉಳಿದರ್ಧ ಜನರಿಗೆ ಹೆಚ್ಚು. ಕೆಲವರಿಗೆ 18 ದಿನ, ಕೆಲವರಿಗೆ 254 ದಿನ ಬೇಕಾಗಬಹುದೆಂದು ಲೆಕ್ಕ ಸಿಕ್ಕಿತು. ನಿಮಗೆ ಮುಖ್ಯವಾದದ್ದು ಇದು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವುದಕ್ಕೆ ಗಣನೀಯವಾದ ಅಡ್ಡಿಯೇನೂ ಆಗಲಿಲ್ಲ.

ಆ್ಯಪ್ ನಿಮ್ಮನ್ನು ಹುರಿದುಂಬಿಸುತ್ತಿದ್ದರೆ ಇರಲಿ, ಕುಗ್ಗಿಸುತ್ತಿದ್ದರೆ ತೆಗೆದುಹಾಕಿ. ಜ್ವರ ಬಿಟ್ಟ ಮೇಲೆ ಸುಸ್ತು ಪೂರ್ತಿ ಇಳಿಯುವವರೆಗೆ ಹಗುರವಾದದ್ದನ್ನಷ್ಟೇ ಮಾಡಿ.

ಪ್ರಶ್ನೆ: ನನಗೆ 29 ವರ್ಷ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ವಾರಕ್ಕೊಮ್ಮೆ ಶಿಫ್ಟ್ ಬದಲಾಗುತ್ತದೆ; ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ. ತೂಕ ಏರುತ್ತಿದೆ, ನಿದ್ದೆ ಕೆಟ್ಟಿದೆ. ಆರೋಗ್ಯದ ಬಗ್ಗೆ ಯಾರು ಹೇಳಿದರೂ ಬೆಳಗ್ಗೆ ಐದಕ್ಕೆ ಏಳಿ, ಹೊತ್ತಿಗೆ ಸರಿಯಾಗಿ ಉಣ್ಣಿ ಎನ್ನುತ್ತಾರೆ. ನನಗೆ ಅದು ಸಾಧ್ಯವಿಲ್ಲ. ಜನರಲ್ ಶಿಫ್ಟ್ ಸಿಕ್ಕ ಮೇಲೆಯೇ ಆರಂಭಿಸುವುದು ಒಳ್ಳೆಯದಲ್ಲವೇ?

ಉತ್ತರ: ಜನರಲ್ ಶಿಫ್ಟ್ ಯಾವಾಗ ಸಿಗುತ್ತದೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನೀವು ಕೇಳಿದ ಸಲಹೆಗಳು ಕೆಟ್ಟವಲ್ಲ, ಆದರೆ ಅವು ದಿನವೂ ಒಂದೇ ಗಡಿಯಾರಕ್ಕೆ ನಡೆಯುವವರಿಗಾಗಿ ಹೇಳಿದ ಸಲಹೆಗಳು. ಅಭ್ಯಾಸವನ್ನು ಗಂಟೆಗೆ ಕಟ್ಟಬೇಕೆಂದೇನೂ ಇಲ್ಲ. ಯಾವುದಾದರೂ ಘಟನೆಗೆ ಕಟ್ಟಬಹುದು. ಶಿಫ್ಟ್ ಯಾವುದಾದರೂ ಆಗಲಿ, ನೀವು ದಿನಕ್ಕೊಮ್ಮೆ ರೂಮಿಗೆ ಮರಳಿ ಬೂಟು ಬಿಚ್ಚುತ್ತೀರಿ, ದಿನಕ್ಕೊಮ್ಮೆ ನಿದ್ದೆಯಿಂದ ಏಳುತ್ತೀರಿ. ಎದ್ದು ಮುಖ ತೊಳೆದ ಕೂಡಲೇ ಹತ್ತು ಬಸ್ಕಿ, ಐದು ದಂಡ ಎಂದು ನಿಶ್ಚಯಿಸಿ. ಅದಕ್ಕೆ ಎರಡು ಮೂರು ನಿಮಿಷವೂ ಬೇಡ. ಹಗಲು ಶಿಫ್ಟಿನ ವಾರಗಳಲ್ಲಿ ಅದನ್ನು ಅರ್ಧ ಗಂಟೆಗೆ ಬೆಳೆಸಿ, ರಾತ್ರಿ ಶಿಫ್ಟಿನ ವಾರದಲ್ಲಿ ಮತ್ತೆ ಹತ್ತು ಬಸ್ಕಿಗೆ ಇಳಿಸಿ. ಹಾಗೆ ಇಳಿಸುವುದನ್ನು ಸೋಲೆಂದು ತಿಳಿಯಬೇಡಿ, ಅದು ಯೋಜನೆಯ ಭಾಗವೇ.

ರಾತ್ರಿ ಶಿಫ್ಟಿನ ವಾರದಲ್ಲಿ ನಿಮ್ಮ ಗಮನವೆಲ್ಲ ನಿದ್ದೆಯ ಮೇಲಿರಲಿ ಎಂಬುದು ನನ್ನ ಅಭಿಪ್ರಾಯ. ವಯಸ್ಕರಿಗೆ ಏಳು ಗಂಟೆಗಳಾದರೂ ನಿದ್ದೆ ಬೇಕು. ನಿದ್ದೆಗೆಟ್ಟ ದೇಹಕ್ಕೆ ಹಸಿವೂ ಹೆಚ್ಚು, ಸಿಹಿ ಮತ್ತು ಎಣ್ಣೆತಿಂಡಿಯ ಆಸೆಯೂ ಹೆಚ್ಚು. ಕಾಫಿ, ಚಹಾಗಳಲ್ಲಿರುವ ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ನಸುಕಿನ ನಾಲ್ಕಕ್ಕೆ ಕ್ಯಾಂಟೀನಿನಲ್ಲಿ ಕುಡಿದ ಕಾಫಿ ನೀವು ಮಲಗುವ ಒಂಬತ್ತು ಗಂಟೆಯಲ್ಲಿಯೂ ಅರ್ಧ ಲೋಟದಷ್ಟು ಕೆಲಸ ಮಾಡುತ್ತಿರುತ್ತದೆ. ಆದ್ದರಿಂದ ಕಾಫಿಯೇನಿದ್ದರೂ ಮಧ್ಯರಾತ್ರಿಯ ಆಸುಪಾಸಿಗೆ ಮುಗಿಯಲಿ. ದೊಡ್ಡ ಊಟವನ್ನು ಕೆಲಸಕ್ಕೆ ಹೊರಡುವ ಮುನ್ನವೇ ಮಾಡಿ, ನಡುರಾತ್ರಿಯಲ್ಲಿ ಹಸಿವಾದರೆ ಕಡಲೆಕಾಯಿ, ಬಾಳೆಹಣ್ಣು, ಮಜ್ಜಿಗೆಯಂಥದ್ದು ಸಾಕು. ರೂಮಿನ ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹಾಕಿ, ಹಗಲು ಮಲಗುವ ಹೊತ್ತನ್ನು ಜೊತೆಯಲ್ಲಿರುವ ಗೆಳೆಯರಿಗೆ ತಿಳಿಸಿ, ಮೊಬೈಲಿನ ಸದ್ದು ನಿಲ್ಲಿಸಿ. ಇನ್ನೊಂದನ್ನು ಒತ್ತಿ ಹೇಳುತ್ತೇನೆ: ರಾತ್ರಿಯಿಡೀ ಎಚ್ಚರವಿದ್ದು ಕಣ್ಣು ಎಳೆಯುತ್ತಿರುವಾಗ ಬೈಕ್ ಹತ್ತಬೇಡಿ. ಕಾರ್ಖಾನೆಯಲ್ಲಿಯೇ ಎಲ್ಲಾದರೂ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಕೂತು, ಆಮೇಲೆ ಹೊರಡಿ.

ಪ್ರಶ್ನೆ: ನಾವು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನವರು. ನಮ್ಮ ಅತ್ತೆಯವರಿಗೆ 58 ವರ್ಷ. ಅವರಿಗೆ ಚಿಕ್ಕಂದಿನಿಂದ ಮಿಶ್ರಿ (ತಂಬಾಕಿನ ಪುಡಿ) ಹಚ್ಚುವ ಚಟವಿದೆ. ದಿನಕ್ಕೆ ನಾಲ್ಕು ಸಲವಾದರೂ ಹಲ್ಲಿಗೆ ತಿಕ್ಕುತ್ತಾರೆ. ಶ್ರಾವಣದಲ್ಲಿ ಬಿಡುತ್ತೇನೆಂದು ನಿಶ್ಚಯ ಮಾಡಿ ಮೂರು ದಿನ ಇದ್ದರು. ನಾಲ್ಕನೆಯ ದಿನ ಹೊಟ್ಟೆ ಸಾಫ್ ಆಗಲಿಲ್ಲ, ತಲೆ ನೋವು ಎಂದು ಮತ್ತೆ ಹಚ್ಚಿದರು. ಅಂದಿನಿಂದ ‘ನನ್ನ ಕಡಿಂದ ಆಗೂದಿಲ್ಲ, ಬಿಡವಾ’ ಎನ್ನುತ್ತಾರೆ. ಪೂರ್ತಿ ಬಿಡದಿದ್ದರೂ ದಿನಕ್ಕೆ ಒಂದು ಸಲಕ್ಕೆ ಇಳಿಸಿದರೆ ಸಾಲದೇ?

ಉತ್ತರ: ಇಳಿಸುವುದು ದಾರಿಯಾಗಬಹುದು, ಆದರೆ ಅಲ್ಲಿಗೇ ನಿಲ್ಲಿಸಬಾರದು. ಮೇಲಿನ ಪತ್ರಗಳಿಗೆ ಸ್ವಲ್ಪ ಮಾಡಿದರೂ ಒಳ್ಳೆಯದು ಎಂದು ಬರೆದೆ. ನಡಿಗೆಗೆ, ಊಟಕ್ಕೆ ಅದು ಸರಿಯಾದ ಮಾತು. ತಂಬಾಕಿಗೆ ಅದೇ ಮಾತನ್ನು ಹೇಳಲಾರೆ. ಮಿಶ್ರಿ ಎಂದರೆ ಹುರಿದು ಸುಟ್ಟು ಪುಡಿ ಮಾಡಿದ ತಂಬಾಕು; ಅದನ್ನು ತಿಕ್ಕಿದಾಗ ನಿಕೋಟಿನ್ ವಸಡಿನ ಮೂಲಕ ನೇರವಾಗಿ ರಕ್ತಕ್ಕೆ ಸೇರುತ್ತದೆ, ಕ್ಯಾನ್ಸರ್ ತರುವ ವಸ್ತುಗಳು ಬಾಯಿಯ ಒಳಪದರಕ್ಕೆ ತಾಗುತ್ತಲೇ ಇರುತ್ತವೆ. ಇಷ್ಟಾದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣ ತಂಬಾಕಿನಲ್ಲಿಲ್ಲ. ದಿನಕ್ಕೊಮ್ಮೆ ಎಂದು ಉಳಿಸಿಕೊಂಡರೆ ಆ ಒಂದು ಸಲಕ್ಕಾಗಿ ದೇಹ ದಿನವೆಲ್ಲ ಹಂಬಲಿಸುತ್ತದೆ, ಕಷ್ಟದ ದಿನ ಬಂದಾಗ ಒಂದು ನಾಲ್ಕಾಗುತ್ತದೆ.

ಆದರೆ ಅತ್ತೆಯವರು ಸೋತರೆಂದು ನಾನು ಒಪ್ಪುವುದಿಲ್ಲ. ತಂಬಾಕು ಬಿಟ್ಟವರ ಸಂಕಟ ಮೊದಲ ಕೆಲವು ದಿನಗಳಲ್ಲಿ ಅತಿ ಹೆಚ್ಚಾಗಿದ್ದು, ಆಮೇಲೆ ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತಾ ಬರುತ್ತದೆ. ಅವರು ಅತ್ಯಂತ ಕಷ್ಟದ ಮೂರು ದಿನಗಳನ್ನು, ಯಾವ ಔಷಧಿಯ ನೆರವೂ ಇಲ್ಲದೆ, ಹಲವು ದಶಕಗಳ ಚಟದ ಬಳಿಕ ದಾಟಿದ್ದರು. ಹೊಟ್ಟೆ ಕಟ್ಟುವುದು, ತಲೆನೋವು, ಸಿಡುಕು ಇವೆಲ್ಲ ನಿಕೋಟಿನ್ ನಿಂತಾಗ ಬರುವ ಲಕ್ಷಣಗಳೇ ಹೊರತು ಮಿಶ್ರಿ ದೇಹಕ್ಕೆ ಬೇಕೆಂಬುದರ ಗುರುತಲ್ಲ. ಇದನ್ನು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಚಟ ಬಿಟ್ಟವರು ಮತ್ತೆ ಅದಕ್ಕೆ ಬೀಳುವುದು ಹೇಗೆಂದು 1980ರ ದಶಕದಲ್ಲಿ ಆಳವಾಗಿ ಅಭ್ಯಸಿಸಿದ ಅಮೆರಿಕದ ಮನಃಶಾಸ್ತ್ರಜ್ಞ ಅಲನ್ ಮಾರ್ಲಟ್ ತೋರಿಸಿಕೊಟ್ಟದ್ದೂ ಇದನ್ನೇ. ಒಮ್ಮೆ ತಪ್ಪಿದವರು ‘ಇಂಥ ಕಾರಣಕ್ಕೆ ಇವತ್ತು ತಪ್ಪಿತು’ ಎಂದುಕೊಂಡರೆ ಮರಳಿ ಬಿಡುತ್ತಾರೆ. ‘ನಾನು ಇಂಥವಳೇ, ನನ್ನಿಂದಾಗದು’ ಎಂದುಕೊಂಡರೆ ಪೂರ್ತಿ ಮರಳಿ ಚಟಕ್ಕೆ ಬೀಳುತ್ತಾರೆ. ಆದ್ದರಿಂದ ಮನೆಯವರು ಆಡುವ ಮಾತು ಇಲ್ಲಿ ಬಹಳ ಮುಖ್ಯ. ಹಂಗಿಸಬೇಡಿ. ಮೂರು ದಿನ ಇದ್ದಿರಲ್ಲ ಅತ್ತೀ, ಈ ಸಲ ಹೊಟ್ಟೆಯ ತೊಂದರೆಗೆ ಮೊದಲೇ ವ್ಯವಸ್ಥೆ ಮಾಡಿಕೊಂಡು ಬಿಡೋಣ ಎನ್ನಿ.

ವ್ಯವಸ್ಥೆ ಎಂದರೆ ಹೀಗೆ. ಮುಂದಿನ ಎರಡು ವಾರದೊಳಗೆ ಒಂದು ದಿನ ಗೊತ್ತು ಮಾಡಿ. ಅಲ್ಲಿಯವರೆಗೆ ಒಂದೊಂದೇ ಸಲ ಕಡಿಮೆ ಮಾಡುತ್ತಾ ಬರಲಿ. ಆ ದಿನಕ್ಕೆ ನಾಲ್ಕು ದಿನ ಮೊದಲಿನಿಂದಲೇ ಬೆಳಗ್ಗೆ ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ಎರಡು ಹೊತ್ತೂ ಜೋಳದ ರೊಟ್ಟಿಯ ಜೊತೆ ಮೆಂತ್ಯ ಪಲ್ಲೆ, ಹಸಿ ಸೌತೆಕಾಯಿ, ಕಾಳು ಪಲ್ಯ ಹೆಚ್ಚಾಗಿ ಇರಲಿ; ಇಷ್ಟರಿಂದ ಆಗದಿದ್ದರೆ ಇಸಬ್‌ಗೋಲ್ ತೆಗೆದುಕೊಳ್ಳಬಹುದು. ಮಿಶ್ರಿಯ ಡಬ್ಬಿ ಬಚ್ಚಲ ಗೂಡಿನಲ್ಲೋ ಸೀರೆಯ ಗಂಟಿನಲ್ಲೋ ಇರುತ್ತದೆ; ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಗೊತ್ತು ಮಾಡಿದ ದಿನ ಅವರ ಕೈಯಿಂದಲೇ ಅದನ್ನು ಖಾಲಿ ಮಾಡಿಸಿ, ಅದೇ ಜಾಗದಲ್ಲಿ ಬ್ರಷ್ಷು, ಪೇಸ್ಟು ಇಡಿ. ಕೈ ಹೋದಾಗ ಅದು ಸಿಗಲಿ. ಎಲ್ಲ ಹೊತ್ತಿನದೂ ಒಂದೇ ಬಲದ ಬಯಕೆಯಲ್ಲ. ಎದ್ದ ಕೂಡಲೇ ಬರುವುದು ಎಲ್ಲಕ್ಕಿಂತ ಬಲವಾದದ್ದು. ಆ ಹೊತ್ತಿಗೆ ನೀವು ಅವರ ಜೊತೆಗಿರಿ. ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-112-356ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡುತ್ತಾರೆ. ಮತ್ತೆ ಒಂದು ದಿನ ತಪ್ಪಿ ಹಚ್ಚಿದರೆ, ಹೊಸ ಡಬ್ಬಿ ತರಿಸದೆ ಆ ಹೊತ್ತಿನಿಂದಲೇ ಮರಳಿ ಬಿಡಲಿ. ಇನ್ನೊಂದು ಶ್ರಾವಣಕ್ಕೆ ಕಾಯುವುದು ಬೇಡ.

ಮಿಶ್ರಿ ಬಿಟ್ಟವರು ಬಾಯಿಗೆ ಏನಾದರೂ ಬೇಕೆಂದು ಅಡಿಕೆ ಹಿಡಿಯುವುದುಂಟು. ಅಡಿಕೆ ಬೆಳೆದು ಬದುಕುವ ಜಿಲ್ಲೆಯಲ್ಲಿ ಕುಳಿತು ಇದನ್ನು ಬರೆಯುವುದು ನನಗೆ ಸುಲಭವಲ್ಲ; ಆದರೂ ಹೇಳಲೇಬೇಕು. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ವರ್ಗೀಕರಿಸಿದೆ. ಬಾಯಾಡಿಸಲು ಸೋಂಪು, ಏಲಕ್ಕಿ ಸಾಕು. ಅತ್ತೆಯವರ ಬಾಯಿಯನ್ನು ಒಮ್ಮೆ ದಂತವೈದ್ಯರಿಗೆ ತೋರಿಸಿ. ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ತಡ ಮಾಡಲೇಬಾರದು.

ಪ್ರಶ್ನೆ: ನಮ್ಮ ಊರು ಮಡಕಶಿರಾ ಹತ್ತಿರ. ತಂದೆಗೆ 64 ವರ್ಷ, ಬಿ.ಪಿ. ಇದೆ, ದಿನಕ್ಕೊಂದು ಮಾತ್ರೆ. ಹೊಲದ ಕೆಲಸಕ್ಕೋ ಸಂತೆಗೋ ಬೇಗ ಹೊರಟ ದಿನ ಮರೆಯುತ್ತಾರೆ. ಮರೆತ ಮೇಲೆ, ಕೋರ್ಸು ಕೆಟ್ಟಿತು, ಮತ್ತೆ ಡಾಕ್ಟರ ಹತ್ತಿರ ಹೋದಾಗ ಮೊದಲಿನಿಂದ ತೆಗೆದುಕೊಳ್ಳುತ್ತೇನೆ ಎಂದು ವಾರಗಟ್ಟಲೆ ಬಿಡುತ್ತಾರೆ. ತಲೆನೋವಿಲ್ಲ, ಚೆನ್ನಾಗಿದ್ದೇನೆ ಎನ್ನುತ್ತಾರೆ. ಹೇಗೆ ತಿಳಿಸಿ ಹೇಳುವುದು?

ಉತ್ತರ: ಬಿ.ಪಿ. ಮಾತ್ರೆಗೆ ಕೋರ್ಸು ಎಂಬುದಿಲ್ಲ. ಇಷ್ಟು ದಿನ ನುಂಗಿ ಮುಗಿಸುವ ಔಷಧಿ ಅದಲ್ಲ. ಆಯಾ ದಿನದ ಮಾತ್ರೆ ಆಯಾ ದಿನದ ಒತ್ತಡವನ್ನು ಹತೋಟಿಯಲ್ಲಿಡುತ್ತದೆ. ನಿಮ್ಮ ಕಡೆ ಮಳೆ ನಂಬಿಯೇ ಕಡಲೆಕಾಯಿ ಬೆಳೆಯುತ್ತೀರಿ. ಒಂದು ಮಳೆ ತಪ್ಪಿತೆಂದು ಬಿತ್ತಿದ ಹೊಲವನ್ನು ತಂದೆಯವರು ಬಿಟ್ಟುಬಿಡುತ್ತಾರೆಯೇ ಎಂದು ಕೇಳಿ ನೋಡಿ. ರಕ್ತದೊತ್ತಡ ಏರಿದ್ದರೂ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ, ಆದ್ದರಿಂದ ತಲೆನೋವಿಲ್ಲವೆಂಬುದು ಒತ್ತಡ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಕೆಲವು ಬಗೆಯ ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಮೇಲೇರುವುದುಂಟು.

ಬೆಳಗ್ಗೆ ಮರೆತದ್ದು ಅದೇ ದಿನ ನೆನಪಾದರೆ ಆಗಲೇ ತೆಗೆದುಕೊಳ್ಳಲಿ. ನೆನಪಾದದ್ದು ಮರುದಿನವಾದರೆ ಆ ದಿನದ ಒಂದನ್ನು ಮಾತ್ರ ನುಂಗಲಿ; ಎರಡನ್ನು ಸೇರಿಸಿ ನುಂಗಬಾರದು. ಮಾತ್ರೆಯ ಪಟ್ಟಿಯ ಬೆನ್ನಿಗೆ ಪೆನ್ನಿನಿಂದ ಸೋಮ, ಮಂಗಳ ಎಂದು ಬರೆದುಕೊಟ್ಟು, ಅದನ್ನು ಅವರು ಮನೆಯಿಂದ ಹೊರಡುವಾಗ ತಪ್ಪದೆ ಕೈಹಾಕುವ ಜಾಗದಲ್ಲಿ, ಟವೆಲ್ಲಿನ ಗೂಟದ ಪಕ್ಕದಲ್ಲೋ ಬೈಕಿನ ಕೀ ಇಡುವ ಕಡೆಯಲ್ಲೋ ಇಡಿ. ಎರಡು ಮಾತ್ರೆಗಳನ್ನು ಅಂಗಿಯ ಜೇಬಿನಲ್ಲಿಯೂ ಇಟ್ಟುಕೊಂಡಿರಲಿ. ಸಂತೆಯಲ್ಲಿ ನೆನಪಾದರೆ ಅಲ್ಲಿಯೇ ನುಂಗಬಹುದು. ಉಪ್ಪನ್ನು ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಚಹಾ ಚಮಚದ ಅಳತೆಗಿಂತ, ಕಡಿಮೆ ಮಾಡಬೇಕೆಂಬುದು ಗುರಿ. ಒಮ್ಮೆಲೇ ಅಷ್ಟಕ್ಕೆ ಇಳಿಸಿದರೆ ಅವರು ತಟ್ಟೆಯನ್ನೇ ದೂರ ತಳ್ಳಬಹುದು. ಈ ತಿಂಗಳು ಮುದ್ದೆಯ ಜೊತೆಗಿನ ಉಪ್ಪಿನಕಾಯಿಯನ್ನಷ್ಟೇ ನಿಲ್ಲಿಸಿ, ಮುಂದಿನ ತಿಂಗಳು ಸಾರಿನ ಉಪ್ಪಿಗೆ ಕೈಹಾಕಿ. ನಾಲಿಗೆ ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ.

ಮುಂದಿನ ಸಲ ತಪಾಸಣೆಗೆ ಹೋಗುವಾಗ ನೀವೂ ಜೊತೆಗೆ ಹೋಗಿ, ಎಷ್ಟು ದಿನ ತಪ್ಪಿತೆಂಬುದನ್ನು ಮುಚ್ಚಿಡದೆ ಹೇಳಿ. ಬೈಯುತ್ತಾರೆಂದು ಹೆದರಿ ದಿನಾ ತೆಗೆದುಕೊಳ್ಳುತ್ತಿದ್ದೇನೆ ಎಂದುಬಿಟ್ಟರೆ, ಈ ಮಾತ್ರೆ ಸಾಲುತ್ತಿಲ್ಲವೆಂದು ವೈದ್ಯರು ಇನ್ನೊಂದನ್ನು ಸೇರಿಸುತ್ತಾರೆ. ಆಮೇಲೆ ಎರಡನ್ನೂ ಸರಿಯಾಗಿ ನುಂಗಿದ ದಿನ ಒತ್ತಡ ಬೇಕಾದ್ದಕ್ಕಿಂತ ಕೆಳಗಿಳಿದು, ಹೊಲದಲ್ಲಿ ತಲೆ ಸುತ್ತಿ ಬೀಳುವ ಅಪಾಯವಿದೆ. ವಾರಕ್ಕೆ ಎರಡು ದಿನ ತಪ್ಪುತ್ತದೆ ಎಂದು ನೇರವಾಗಿ ಹೇಳಿದರೆ, ಬೆಳಗಿನ ಮಾತ್ರೆಯನ್ನು ಅವರು ಮನೆಯಲ್ಲಿರುವ ರಾತ್ರಿ ಹೊತ್ತಿಗೆ ಬದಲಿಸಿಕೊಡಲು ಬರುತ್ತದೆಯೇ ಎಂದು ವೈದ್ಯರು ಯೋಚಿಸಬಹುದು.